ಒಣಗಿದ ಲೈವ್ ರಾಕ್‌ಗೆ ಮರುಜೀವ: ಟ್ಯಾಂಕಿಗಿಂತ ಮೊದಲು ಡ್ರಮ್ಮಿನ ಕೆಲಸ

"ಹಳೆಯ ಟ್ಯಾಂಕ್ ಮುಚ್ಚಿದವರೊಬ್ಬರು ಹತ್ತು ಕೆಜಿ ಲೈವ್ ರಾಕ್ ಕೊಟ್ಟರು. ಎರಡು ವರ್ಷ ಮೂಟೆಯಲ್ಲಿ ಒಣಗಿತ್ತು. ಚೆನ್ನಾಗಿ ತೊಳೆದು ಟ್ಯಾಂಕಿನಲ್ಲಿ ಜೋಡಿಸಿದೆ, ಬ್ಯಾಕ್ಟೀರಿಯಾ ಬಾಟಲಿ ಸುರಿದೆ, ತಿಂಗಳು ಕಾದು ಮೀನು ಬಿಟ್ಟೆ. ಈಗ ಕಲ್ಲಿನ ಮೇಲೆಲ್ಲ ಹಸಿರು ಕೂದಲಿನಂಥ ಪಾಚಿ." ಬೆಂಗಳೂರಿನಲ್ಲಿ ಕಡಲನೀರಿನ ಅಕ್ವೇರಿಯಂ ಇಟ್ಟುಕೊಂಡವರಿಂದ ನಾನು ಪದೇ ಪದೇ ಕೇಳುವ ದೂರು ಇದು. ಲೈವ್ ರಾಕ್ ಎಂದರೆ ನೀರನ್ನು ಶುದ್ಧವಾಗಿಡುವ ಬ್ಯಾಕ್ಟೀರಿಯಾ ನೆಲೆಸಿದ, ತೂತುತೂತಾದ ಹವಳದ ಕಲ್ಲು ಅಥವಾ ಅದರಂತೆ ತಯಾರಿಸಿದ ಕಲ್ಲು. ಕೆಲವರ ಕಥೆ ಇನ್ನೂ ಕೆಟ್ಟದು: ಮೂರನೆಯ ದಿನಕ್ಕೇ ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಿಡುತ್ತಿರುತ್ತವೆ.

ಎರಡು ಕಥೆಗಳ ಹಿಂದೆಯೂ ಇರುವುದು ಒಂದೇ ತಪ್ಪು ತಿಳಿವಳಿಕೆ. ಒಣಗಿದ ಕಲ್ಲು ಖಾಲಿ ಕಲ್ಲೆಂದು ಎಲ್ಲರೂ ನಂಬುತ್ತಾರೆ. ಆದರೆ ಅದರ ರಂಧ್ರಗಳೊಳಗೆ ಸತ್ತ ಸ್ಪಂಜು ಜೀವಿಗಳು, ಹುಳು, ಪಾಚಿ ಒಣಗಿ ಕುಳಿತಿರುತ್ತವೆ. ನೀರು ತಾಗಿದ ಕೂಡಲೇ ಕೊಳೆಯಲು ತೊಡಗಿ, ಮೀನಿಗೆ ವಿಷವಾದ ಅಮೋನಿಯಾ ಬಿಡುತ್ತವೆ. ಹಿಂದಿನ ಮಾಲೀಕರು ವರ್ಷಗಟ್ಟಲೆ ಹಾಕಿದ ಮೀನಿನ ಆಹಾರದಿಂದ ಬಂದ, ಪಾಚಿಗೆ ಗೊಬ್ಬರವಾಗುವ ಫಾಸ್ಫೇಟ್ ಕಲ್ಲಿನ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಅಂಟಿಕೊಂಡಿರುತ್ತದೆ. ಎಷ್ಟು ವರ್ಷ ಒಣಗಿದರೂ ಆ ಹಳೆಯ ಸಾಲ ತೀರುವುದಿಲ್ಲ. ಕಲ್ಲು ಪಡೆದವರ ತಲೆಯ ಮೇಲೆ ಬರುತ್ತದೆ.

ಆದ್ದರಿಂದ ಮೊದಲು ಕೊಳೆ ತೆಗೆಯಬೇಕು, ನಂತರ ಫಾಸ್ಫೇಟ್ ಇಳಿಸಬೇಕು, ಕೊನೆಗೆ ಬ್ಯಾಕ್ಟೀರಿಯಾ ಕೂರಿಸಬೇಕು. ಕ್ರಮ ಹಿಂದುಮುಂದಾಗಬಾರದು. ಬ್ಯಾಕ್ಟೀರಿಯಾ ಕೂರಿಸಿದ ಮೇಲೆ ಬ್ಲೀಚ್ ನೆನಪಾದರೆ ಮತ್ತೆ ಮೊದಲಿನಿಂದಲೇ ಶುರು. ಇದೆಲ್ಲವೂ ಡ್ರಮ್ಮಿನಲ್ಲಿ ನಡೆಯಬೇಕಾದ ಕೆಲಸ, ಟ್ಯಾಂಕಿನಲ್ಲಿ ಅಲ್ಲ. ಎರಡರಿಂದ ನಾಲ್ಕು ತಿಂಗಳು ಹಿಡಿಯುತ್ತದೆ. ಅಷ್ಟು ಕಾಯಲಾಗದಿದ್ದರೆ ಹೊಸ ಸೆರಾಮಿಕ್ ಕಲ್ಲು ಕೊಳ್ಳುವುದೇ ವಾಸಿ.

ಕೈಹಾಕುವ ಮುನ್ನ: ಈ ಕಲ್ಲು ಬೇಕೇ?

ಮೊದಲು ಕಲ್ಲು ಎಲ್ಲಿಂದ ಬಂತೆಂದು ಕೇಳಿ. ಭಾರತದ ಕಡಲಿನ ಗಟ್ಟಿ ಹವಳಗಳೆಲ್ಲವೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಮೊದಲ ಷೆಡ್ಯೂಲ್‌ನಲ್ಲಿವೆ. ಲಕ್ಷದ್ವೀಪದಿಂದಾಗಲಿ, ಮನ್ನಾರ್ ಕೊಲ್ಲಿಯಿಂದಾಗಲಿ, ನಮ್ಮದೇ ನೇತ್ರಾಣಿಯ ಸುತ್ತಲಿನಿಂದಾಗಲಿ ತಂದ ಹವಳದ ಕಲ್ಲು ಜೀವಂತವಿದ್ದರೂ ಸತ್ತಿದ್ದರೂ ನಿಮ್ಮ ಮನೆಯಲ್ಲಿ ಇರಬಾರದು. "ಮುರುಡೇಶ್ವರಕ್ಕೆ ಹೋದಾಗ ದಡದಲ್ಲಿ ಬಿದ್ದಿತ್ತು" ಎಂಬ ಸಮಜಾಯಿಷಿಯೂ ನಡೆಯದು. ಹೊರದೇಶದಿಂದ ಕಾಗದಪತ್ರದೊಂದಿಗೆ ಬಂದದ್ದು ಅಥವಾ ಕಾರ್ಖಾನೆಯಲ್ಲಿ ತಯಾರಾದದ್ದು ಎಂದು ಖಾತ್ರಿಯಿದ್ದರೆ ಮಾತ್ರ ಮುಂದೆ ಓದಿ.

ಎರಡನೆಯ ಪ್ರಶ್ನೆ ತಾಮ್ರದ್ದು. ಹಳೆಯ ಟ್ಯಾಂಕಿನಲ್ಲಿ ಮೀನಿನ ಬಿಳಿಚುಕ್ಕೆ ರೋಗಕ್ಕೆ ತಾಮ್ರದ ಔಷಧ ಹಾಕಿದ್ದರೆ ಕಲ್ಲು ಅದನ್ನು ಹೀರಿಕೊಂಡಿರುತ್ತದೆ, ತಿಂಗಳುಗಳ ನಂತರವೂ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಮೀನು ತಡೆದುಕೊಳ್ಳುವ ಪ್ರಮಾಣದ ತಾಮ್ರವೂ ಸೀಗಡಿ, ಬಸವನಹುಳು, ಹವಳಗಳನ್ನು ಕೊಲ್ಲುತ್ತದೆ. ತಾಮ್ರದ ಟೆಸ್ಟ್ ಕಿಟ್ ಸೊನ್ನೆ ತೋರಿಸಿದರೂ ನಾನು ಅಂಥ ಕಲ್ಲನ್ನು ನಂಬುವುದಿಲ್ಲ. ಕೀಟನಾಶಕ, ಪೇಂಟು, ಸೀಮೆಎಣ್ಣೆ ಇಟ್ಟ ಉಗ್ರಾಣದಲ್ಲಿ ಬಿದ್ದಿದ್ದ ಕಲ್ಲೂ ಬೇಡ.

ಮೂರನೆಯದು ತೂಕ. ಗಾತ್ರಕ್ಕೆ ಹೋಲಿಸಿದರೆ ಹಗುರವಾಗಿದ್ದು, ತೂತುಗಳು ಎದ್ದುಕಾಣುವ ಕಲ್ಲು ಒಳ್ಳೆಯದು. ಗುಂಡುಕಲ್ಲಿನಂತೆ ಭಾರವಾದದ್ದರಲ್ಲಿ ಬ್ಯಾಕ್ಟೀರಿಯಾಗೆ ಜಾಗ ಕಡಿಮೆ. 100 ಲೀಟರಿನ ಟ್ಯಾಂಕಿಗೆ ಸುಮಾರು 8ರಿಂದ 12 ಕೆಜಿ ಸಾಕು. ಮೂಟೆಯಲ್ಲಿ 30 ಕೆಜಿ ಇದೆಯೆಂದು ಮೂವತ್ತನ್ನೂ ತುಂಬಬೇಡಿ.

ಬೇಕಾಗುವ ಸಾಮಾನು

ಮುಚ್ಚಳವಿರುವ 80ರಿಂದ 100 ಲೀಟರಿನ ಪ್ಲಾಸ್ಟಿಕ್ ಡ್ರಮ್ ಒಂದು, ಬ್ಲೀಚ್ ಕೆಲಸಕ್ಕೆ ಬೇರೆ ಟಬ್ ಒಂದು. ಡ್ರಮ್ ಆಹಾರಪದಾರ್ಥ ತುಂಬಲು ಬಳಸುವ ದರ್ಜೆಯದಾಗಿರಲಿ. ಗುಜರಿಯಲ್ಲಿ ಸಿಗುವ ನೀಲಿ ಡ್ರಮ್ಮುಗಳಲ್ಲಿ ಮೊದಲು ಏನಿತ್ತೆಂದು ಯಾರೂ ಹೇಳಲಾರರು. ಲೋಹದ ಪಾತ್ರೆ, ಹಂಡೆ ಯಾವುದೂ ಬೇಡ.

ನೀರು ತಿರುಗಿಸಲು ಪವರ್‌ಹೆಡ್ ಎಂಬ ಮುಳುಗುವ ಪಂಪು, ಥರ್ಮೋಸ್ಟಾಟ್ ಇರುವ ಹೀಟರ್, ಥರ್ಮಾಮೀಟರ್, ಗಾಳಿಪಂಪು. ಉಪ್ಪಿನಂಶ ಅಳೆಯಲು ರಿಫ್ರಾಕ್ಟೋಮೀಟರ್ ಮತ್ತು ಅದನ್ನು ಸರಿಹೊಂದಿಸುವ 35 ಪಿಪಿಟಿ (ಸಾವಿರದಲ್ಲಿ 35 ಭಾಗ ಉಪ್ಪು) ದ್ರಾವಣ. ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಕ್ಷಾರತೆ (ನೀರಿನ ಪಿಎಚ್ ಕುಸಿಯದಂತೆ ತಡೆಯುವ ಗುಣ) ನೋಡಲು ಕಡಲನೀರಿಗೆ ಹೊಂದುವ ಟೆಸ್ಟ್ ಕಿಟ್‌ಗಳು. ಫಾಸ್ಫೇಟಿಗೆ ಮಾತ್ರ ಬಣ್ಣ ಹೋಲಿಸಿ ನೋಡುವ ಅಗ್ಗದ ಕಿಟ್ ಸಾಲದು, 0.05 ಪಿಪಿಎಂಗೂ (ಹತ್ತು ಲಕ್ಷದಲ್ಲಿ ಎಷ್ಟು ಭಾಗ ಎಂಬ ಅಳತೆ) 0.2ಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ, ನಮ್ಮ ಇಡೀ ಕೆಲಸ ನಿಂತಿರುವುದೇ ಆ ವ್ಯತ್ಯಾಸದ ಮೇಲೆ. ಡಿಜಿಟಲ್ ಚೆಕರ್ ಕೊಳ್ಳಿ, ಇಲ್ಲವೇ ಇರುವವರಿಂದ ಎರವಲು ಪಡೆಯಿರಿ.

ಮೈಗೆ: ದಪ್ಪ ರಬ್ಬರ್ ಗ್ಲೌಸ್, ಕಣ್ಣಿಗೆ ಪೂರ್ತಿ ಮುಚ್ಚುವ ಕನ್ನಡಕ, ಎನ್-95 ಮಾಸ್ಕ್. ಕೈಯಲ್ಲಿ ಗಾಯವಿದ್ದರೆ ಅದು ಮಾಯುವವರೆಗೆ ಕೆಲಸ ಮುಂದೂಡಿ.

ಹಂತ 1: ಉಜ್ಜಿ ತೆಗೆಯುವುದು

ತಾರಸಿಯಲ್ಲೋ ಅಂಗಳದಲ್ಲೋ, ಗಾಳಿಯಾಡುವ ಜಾಗದಲ್ಲಿ ಕೂರಿ. ಕಲ್ಲನ್ನು ಒಣಗಿದ್ದಾಗಲೇ ಉಜ್ಜಬೇಡಿ. ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟು, ಗಟ್ಟಿ ನೈಲಾನ್ ಬ್ರಷ್‌ನಿಂದ ನೀರಿನೊಳಗೇ ಉಜ್ಜಿ. ಹಳೆಯ ಟ್ಯಾಂಕಿನಲ್ಲಿ ಜೋಯಾಂಥಿಡ್ ಜಾತಿಯ ಗುಂಡಿಹವಳಗಳು ಇದ್ದಿದ್ದರೆ, ಅವುಗಳಲ್ಲಿ ಕೆಲವು ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷ ಹೊತ್ತಿರುತ್ತವೆ. ಒಣ ಧೂಳು ಮೂಗಿಗೆ ಹೋಗಬಾರದು.

ಇದೇ ಕಾರಣಕ್ಕೆ ಹೇಳುತ್ತೇನೆ, ಕಲ್ಲನ್ನು ಕುದಿಸಲೇಬೇಡಿ. "ಬಿಸಿನೀರಿನಲ್ಲಿ ಕುದಿಸಿದರೆ ಎಲ್ಲ ಕ್ರಿಮಿಯೂ ಸಾಯುತ್ತದಲ್ಲ" ಎಂದು ಅಡುಗೆಮನೆಯ ಒಲೆಯ ಮೇಲೆ ಇಡಲು ಹೊರಟವರನ್ನು ನಾನು ತಡೆದಿದ್ದೇನೆ. ಕುದಿಯುವ ಆವಿಯೊಂದಿಗೆ ಆ ವಿಷ ಗಾಳಿಗೆ ಬಂದು ಇಡೀ ಕುಟುಂಬ ಆಸ್ಪತ್ರೆ ಸೇರಿದ ಪ್ರಸಂಗಗಳು ಹೊರದೇಶಗಳಲ್ಲಿ ದಾಖಲಾಗಿವೆ. ಓವನ್, ಮೈಕ್ರೋವೇವ್, ಪ್ರೆಷರ್ ಕುಕ್ಕರ್‌ಗೂ ಇದೇ ಮಾತು. ಕೆಲಸದ ನಡುವೆ ಬಾಯಲ್ಲಿ ಲೋಹದ ರುಚಿ, ಚಳಿಜ್ವರ, ಉಸಿರಾಟದ ತೊಂದರೆ ಅಥವಾ ಕಣ್ಣುರಿ ಕಂಡರೆ ಎಲ್ಲ ಬಿಟ್ಟು ಆಸ್ಪತ್ರೆಗೆ ಹೋಗಿ, ಹವಳದ ವಿಷವಿರಬಹುದೆಂದು ವೈದ್ಯರಿಗೆ ನೀವೇ ಹೇಳಿ.

ಸಡಿಲವಾಗಿ ಅಂಟಿದ ಒಣಪಾಚಿ, ಹುಳುಗಳ ಸುಣ್ಣದ ನಳಿಕೆ, ಸತ್ತ ಸ್ಪಂಜಿನ ಚರ್ಮ ಎಲ್ಲವನ್ನೂ ಚಿಮ್ಮಟದಿಂದ ಕಿತ್ತುಹಾಕಿ. ಸಾಬೂನು, ಪಾತ್ರೆ ತೊಳೆಯುವ ಪುಡಿ ಸೋಕಿಸಬೇಡಿ. ಕಲ್ಲು ಅದನ್ನು ಹೀರಿಕೊಂಡರೆ ತೆಗೆಯಲು ದಾರಿಯಿಲ್ಲ.

ಹಂತ 2: ಬ್ಲೀಚ್ ಸ್ನಾನ

ಬ್ರಷ್ ತಲುಪದ ಒಳಭಾಗದ ಕೊಳೆಯನ್ನು ಬ್ಲೀಚ್ ಸುಟ್ಟುಹಾಕುತ್ತದೆ. ಸುವಾಸನೆ, ಬಣ್ಣ, ನೊರೆ ಯಾವುದೂ ಇಲ್ಲದ, 4ರಿಂದ 5 ಶೇಕಡಾ ಸೋಡಿಯಂ ಹೈಪೋಕ್ಲೋರೈಟ್ ಇರುವ ದ್ರವ ತನ್ನಿ. 1 ಭಾಗ ಬ್ಲೀಚ್‌ಗೆ 10 ಭಾಗ ನಲ್ಲಿ ನೀರು. ಕಲ್ಲು ಪೂರ್ತಿ ಮುಳುಗಲಿ, ಹಳೆಯ ಪಂಪು ಒಂದಿದ್ದರೆ ನೀರು ತಿರುಗಿಸಲು ಇಡಿ. ಬ್ಲೀಚಿಂಗ್ ಪೌಡರ್ ಕೂಡ ಕೆಲಸ ಮಾಡುತ್ತದೆ, ಆದರೆ ಅದರ ಸುಣ್ಣ ಗಸಿಯಾಗಿ ರಂಧ್ರಗಳಲ್ಲಿ ತುಂಬುವುದರಿಂದ ನನಗೆ ಇಷ್ಟವಿಲ್ಲ.

24 ಗಂಟೆ ಬಿಡಿ. ಮರುದಿನ ಬ್ಲೀಚ್ ವಾಸನೆಯೇ ಇಲ್ಲವೆಂದರೆ ಕೆಲಸ ಮುಗಿದಿದೆ ಎಂದು ತಿಳಿಯಬೇಡಿ. ಕೊಳೆ ಇಷ್ಟಿತ್ತೆಂದರೆ ಬ್ಲೀಚ್ ಎಲ್ಲ ಅದಕ್ಕೇ ಖರ್ಚಾಯಿತು ಎಂದರ್ಥ. ನೀರು ಚೆಲ್ಲಿ, ಹೊಸ ದ್ರಾವಣದಲ್ಲಿ ಇನ್ನೊಂದು ದಿನ ಇಡಿ. ಕಲ್ಲು ಬೂದು, ಕಂದು ಬಣ್ಣದಿಂದ ಬಿಳುಪಿಗೆ ತಿರುಗಿ, 24 ಗಂಟೆಯ ನಂತರವೂ ಬ್ಲೀಚ್ ಘಾಟು ಉಳಿದಿದ್ದರೆ ಸಾಕು.

ಬ್ಲೀಚ್ ಇರುವ ಟಬ್ಬಿನ ಹತ್ತಿರ ವಿನೆಗರ್, ಆಸಿಡ್, ಅಮೋನಿಯಾ, ಶೌಚಾಲಯ ತೊಳೆಯುವ ದ್ರವ ಯಾವುದೂ ಬರಬಾರದು. ಆಸಿಡ್ ಸೇರಿದರೆ ಕ್ಲೋರಿನ್ ಅನಿಲ, ಅಮೋನಿಯಾ ಸೇರಿದರೆ ಕ್ಲೋರಮೈನ್. ಎರಡೂ ಶ್ವಾಸಕೋಶ ಸುಡುತ್ತವೆ. ಸ್ನಾನದಮನೆಯ ಬಾಗಿಲು ಹಾಕಿಕೊಂಡು ಮಾಡುವ ಕೆಲಸ ಇದಲ್ಲ.

ಹಂತ 3: ಕ್ಲೋರಿನ್ ಕಳೆಯುವುದು

ಬ್ಲೀಚ್ ನೀರನ್ನು ಚೆಲ್ಲುವ ಮುನ್ನ ಅದಕ್ಕೆ ಹೈಪೋ ಹರಳು ಹಾಕಿ ಘಾಟು ಅಡಗಿಸಿ. ಅಕ್ವೇರಿಯಂ ಅಂಗಡಿಗಳಲ್ಲಿ ಆಂಟಿ ಕ್ಲೋರಿನ್ ಎಂದು ಮಾರುವ ಬಿಳಿ ಹರಳು ಇದೇ, ಸೋಡಿಯಂ ಥಯೋಸಲ್ಫೇಟ್. ನೀರನ್ನು ಮನೆಯ ಕೊಳಚೆ ಪೈಪಿಗೆ ಬಿಡಿ. ಮಳೆನೀರಿನ ಇಂಗುಗುಂಡಿಗೂ ಗಿಡದ ಬುಡಕ್ಕೂ ಬೇಡ. ಮುಂದೆ ಉಪ್ಪುನೀರು ಚೆಲ್ಲುವಾಗಲೂ ಇದನ್ನೇ ಪಾಲಿಸಿ.

ಕಲ್ಲನ್ನು ನಾಲ್ಕೈದು ಸಲ ಹೊಸ ನೀರಿನಲ್ಲಿ ತೊಳೆದು, ಕೊನೆಯ ನೀರಿಗೆ ಆಂಟಿ ಕ್ಲೋರಿನ್ ಧಾರಾಳವಾಗಿ ಹಾಕಿ ಒಂದು ರಾತ್ರಿ ನೆನೆಸಿ. ಆಮೇಲೆ ತಾರಸಿಯ ಬಿಸಿಲಿನಲ್ಲಿ ಐದಾರು ದಿನ, ದಿನಕ್ಕೊಮ್ಮೆ ಮಗುಚಿ, ಒಳಗಿನವರೆಗೆ ಒಣಗಿಸಿ. ಮಳೆಗಾಲದಲ್ಲಿ ಇದೊಂದೇ ಹಂತ ಎರಡು ವಾರ ತಿನ್ನುತ್ತದೆ. ಒಣಗಿದ ಕಲ್ಲನ್ನು ಮೂಗಿನ ಹತ್ತಿರ ಹಿಡಿದರೆ ಬ್ಲೀಚ್ ವಾಸನೆಯೂ ಇರಬಾರದು, ಒಣಮೀನಿನ ವಾಸನೆಯೂ ಇರಬಾರದು. ಒಣಮೀನಿನ ವಾಸನೆ ಉಳಿದಿದ್ದರೆ ಎರಡನೆಯ ಹಂತಕ್ಕೆ ವಾಪಸ್ಸು.

ಆಸಿಡ್ ಸ್ನಾನದ ಬಗ್ಗೆ ಒಂದು ಮಾತು

ಹೊರದೇಶದ ವಿಡಿಯೋಗಳಲ್ಲಿ ಬ್ಲೀಚ್ ನಂತರ ಹೈಡ್ರೋಕ್ಲೋರಿಕ್ ಆಸಿಡ್ ಸ್ನಾನ ಮಾಡಿಸುತ್ತಾರೆ. ಕಲ್ಲಿನ ಮೇಲ್ಪದರ ಕರಗಿ, ಅದಕ್ಕೆ ಅಂಟಿದ ಫಾಸ್ಫೇಟೂ ಹೋಗುತ್ತದೆ ಎಂಬ ಲೆಕ್ಕ. ಲೆಕ್ಕ ತಪ್ಪಲ್ಲ. ಆದರೆ ಆಳದ ಫಾಸ್ಫೇಟ್ ಹಾಗೆಯೇ ಉಳಿಯುತ್ತದೆ, ಕಲ್ಲಿನ ತೂಕ ಇಳಿಯುತ್ತದೆ, ಅಕ್ಕಪಕ್ಕದ ಕಬ್ಬಿಣವೆಲ್ಲ ತುಕ್ಕು ಹಿಡಿಯುತ್ತದೆ. ನಮ್ಮಲ್ಲಿ ಸುಪ್ರೀಂ ಕೋರ್ಟಿನ 2013ರ ಆದೇಶದ ನಂತರ ಆಸಿಡ್ ಮಾರಾಟಕ್ಕೆ ನಿರ್ಬಂಧಗಳಿವೆ; ಗುರುತಿನ ಚೀಟಿ ತೋರಿಸಿ, ಕಾರಣ ಹೇಳಿ ಕೊಳ್ಳಬೇಕು. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಮಾಡುವ ಸಾಹಸವಂತೂ ಖಂಡಿತ ಅಲ್ಲ. ನಾನು ಈ ಹಂತವನ್ನು ಕೈಬಿಟ್ಟು ಬಹಳ ಕಾಲವಾಯಿತು, ಮುಂದಿನ ಹಂತದಲ್ಲಿ ಎರಡು ವಾರ ಹೆಚ್ಚು ಕಾಯುತ್ತೇನೆ, ಅಷ್ಟೇ.

ಹಂತ 4: ಸರಿಯಾದ ಉಪ್ಪುನೀರು

ಇಲ್ಲಿಂದ ಮುಂದೆ ನಲ್ಲಿ ನೀರು ಬೇಡ. ಬೋರ್‌ವೆಲ್ ನೀರಿನಲ್ಲಿ ಗಡಸುತನದ ಜೊತೆ ನೈಟ್ರೇಟ್, ಸಿಲಿಕೇಟ್ ಇರಬಹುದು. ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಟಿಡಿಎಸ್, ಅಂದರೆ ಕರಗಿದ ಲವಣಗಳ ಅಳತೆ, ಸೊನ್ನೆ ತೋರಿಸುವ ಆರ್‌ಒ-ಡಿಐ ನೀರೇ ಬೇಕು; ಆರ್‌ಒ ಸೋಸಿದ ಮೇಲೆ ಉಳಿದ ಲವಣವನ್ನೂ ಡಿಐ ರಾಳ ತೆಗೆದ ನೀರು ಇದು.

ಮನೆಯಲ್ಲಿ ಕುಡಿಯುವ ನೀರಿನ ಆರ್‌ಒ ಇದೆಯಲ್ಲ ಎಂದು ಅದರಿಂದಲೇ ಹಿಡಿಯುವವರು ಬಹಳ. ಅವುಗಳಲ್ಲಿ ಹೆಚ್ಚಿನವು ರುಚಿಗಾಗಿ ಖನಿಜ ಬೆರೆಸುತ್ತವೆ, ಅಥವಾ ಟಿಡಿಎಸ್ ಕಂಟ್ರೋಲರ್ ಮೂಲಕ ಒಂದಷ್ಟು ಹಸಿ ನೀರನ್ನೇ ಸೇರಿಸುತ್ತವೆ. ಕೆಲವು ಮಾದರಿಗಳಲ್ಲಿ ಆರೋಗ್ಯಕ್ಕೆ ಒಳ್ಳೆಯದೆಂದು ತಾಮ್ರದ ಕಾರ್ಟ್ರಿಡ್ಜ್ ಬೇರೆ ಇರುತ್ತದೆ. ನಿಮಗೆ ಒಳ್ಳೆಯದಿರಬಹುದು, ಸೀಗಡಿಗೆ ಅದು ವಿಷ. ಕ್ಯಾನ್ ನೀರನ್ನೂ ಟಿಡಿಎಸ್ ಮೀಟರ್ ಅದ್ದಿ ನೋಡದೆ ಬಳಸಬೇಡಿ.

ಉಪ್ಪು ಅಕ್ವೇರಿಯಂಗೆಂದೇ ತಯಾರಾದ ಕಡಲುಪ್ಪು ಮಿಶ್ರಣವಾಗಿರಬೇಕು. ಅಡುಗೆಯ ಉಪ್ಪಿನಲ್ಲಾಗಲಿ ಕಲ್ಲುಪ್ಪಿನಲ್ಲಾಗಲಿ ಬೇಕಾದ ಪ್ರಮಾಣದ ಕ್ಯಾಲ್ಸಿಯಂ, ಮೆಗ್ನೀಷಿಯಂ, ಕ್ಷಾರತೆ ಇರುವುದಿಲ್ಲ. ಲೀಟರಿಗೆ ಸುಮಾರು 36ರಿಂದ 40 ಗ್ರಾಂ ಬೇಕಾಗುತ್ತದೆ. 60 ಲೀಟರಿಗೆ 2.3 ಕೆಜಿ ಆಸುಪಾಸು. ನೀರಿಗೆ ಉಪ್ಪು ಹಾಕಿ, ಉಪ್ಪಿನ ಮೇಲೆ ನೀರು ಸುರಿಯಬೇಡಿ. ಪಂಪು ಒಂದು ರಾತ್ರಿ ಓಡಲಿ, ಬೆಳಿಗ್ಗೆ ಅಳೆದಾಗ 35 ಪಿಪಿಟಿ, ಅಂದರೆ ಸಾಂದ್ರತೆ 1.026ರ ಆಸುಪಾಸು ಬರಬೇಕು.

ಡ್ರಮ್ಮನ್ನು ಮನೆಯೊಳಗೆ, ಬಿಸಿಲು ತಾಗದ ಮೂಲೆಯಲ್ಲಿಡಿ. ಹೀಟರ್ ಡ್ರಮ್ಮಿನ ಗೋಡೆಗೆ ಒರಗಬಾರದು, ಪ್ಲಾಸ್ಟಿಕ್ ಕರಗುತ್ತದೆ. ನೀರು ಆವಿಯಾಗಿ ಇಳಿದಾಗ ಹೀಟರ್ ಹೊರಗೆ ಕಂಡರೆ ಗಾಜು ಒಡೆಯುತ್ತದೆ. ಆದ್ದರಿಂದ ಅಡ್ಡಲಾಗಿ ತಳದ ಹತ್ತಿರ ಕೂರಿಸಿ. ವೈರ್ ಪ್ಲಗ್ಗಿಗೆ ಹೋಗುವ ಮುನ್ನ ಕೆಳಗೆ ಇಳಿದು ಮೇಲೇರುವಂತಿರಲಿ, ನೀರು ವೈರಿನ ಗುಂಟ ಹರಿದು ಸಾಕೆಟ್ಟಿಗೆ ಸೇರದು. ಈ ವಿದ್ಯುತ್ ಸಾಲಿಗೆ ಆರ್‌ಸಿಸಿಬಿ, ಅಂದರೆ ವಿದ್ಯುತ್ ಸೋರಿದ ಕೂಡಲೇ ಕಡಿಯುವ ಸ್ವಿಚ್, ಇದೆಯೇ ಎಂದು ಎಲೆಕ್ಟ್ರೀಷಿಯನ್‌ನನ್ನು ಕೇಳಿ. ಉಪ್ಪುನೀರಿಗೂ ವಿದ್ಯುತ್ತಿಗೂ ಬಹಳ ಸ್ನೇಹ.

ಹಂತ 5: ಫಾಸ್ಫೇಟ್ ಇಳಿಸುವುದು

ಎಲ್ಲರೂ ಹಾರಿಸುವ ಹಂತ ಇದೇ. ಹಸಿರು ಕೂದಲು ಬೆಳೆಯುವುದೂ ಇದನ್ನು ಹಾರಿಸುವುದರಿಂದಲೇ.

ಒಣಗಿದ ಕಲ್ಲನ್ನು ಡ್ರಮ್ಮಿಗೆ ಇಳಿಸುವ ಮುನ್ನ ಉಪ್ಪುನೀರಿನ ಫಾಸ್ಫೇಟ್ ಅಳೆದು ಬರೆದುಕೊಳ್ಳಿ. ಸೊನ್ನೆ ಅಥವಾ ಅದರ ಹತ್ತಿರ ಇರಬೇಕು. ಕಲ್ಲು ಇಳಿಸಿ, ಪವರ್‌ಹೆಡ್ ಜೋರಾಗಿ ಓಡಲಿ, ಹೀಟರನ್ನು 26 ಡಿಗ್ರಿಗೆ ಇಡಿ, ಮುಚ್ಚಳ ಮುಚ್ಚಿ. ಗಾಳಿಪಂಪಿನ ಕೊಳವೆಗೆ ಚಿಕ್ಕ ಕಿಂಡಿ ಸಾಕು. ಏಳನೆಯ ದಿನ ಮತ್ತೆ ಅಳೆಯಿರಿ. ಎರಡನೆಯ ದಿನದ ಅಂಕಿ ನೋಡಿ ಹಿಗ್ಗಬೇಡಿ. ಒಳಗಿನದು ಹೊರಬರಲು ದಿನಗಳು ಬೇಕು.

ಕಲ್ಲಿಗೂ ನೀರಿಗೂ ನಡುವೆ ಫಾಸ್ಫೇಟಿನ ಕೊಡುಕೊಳ್ಳುವಿಕೆ ಸದಾ ನಡೆಯುತ್ತಿರುತ್ತದೆ. ನೀರಿನಲ್ಲಿ ಕಡಿಮೆಯಾದರೆ ಕಲ್ಲು ಬಿಡುತ್ತದೆ, ಹೆಚ್ಚಾದರೆ ಹಿಡಿದುಕೊಳ್ಳುತ್ತದೆ. ಹಾಗಾಗಿ ನೀರು ಬದಲಿಸಿದ ದಿನ 0.05 ಇದ್ದದ್ದು ವಾರದ ನಂತರ ಮತ್ತೆ 0.6ಕ್ಕೆ ಏರುವುದು ಸಹಜ. ಹೊಸಬರು ಇಲ್ಲಿ ಕಿಟ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಕಿಟ್ ಸರಿಯಾಗಿಯೇ ಇದೆ, ಕಲ್ಲಿನಲ್ಲಿ ಇನ್ನೂ ಬಾಕಿಯಿದೆ.

ವಾರದ ಕೊನೆಯ ಅಂಕಿ 0.1 ಪಿಪಿಎಂಗಿಂತ ಕಡಿಮೆಯಿದ್ದರೆ ನಿಮ್ಮ ಅದೃಷ್ಟ, ಮುಂದಿನ ಹಂತಕ್ಕೆ ಹೋಗಿ. 0.1ರಿಂದ 0.5ರವರೆಗೆ ಇದ್ದರೆ ವಾರಕ್ಕೊಮ್ಮೆ ಪೂರ್ತಿ ನೀರು ಬದಲಿಸುತ್ತ ಹೋದರೂ ಆಗುತ್ತದೆ, ಅಥವಾ ಕಬ್ಬಿಣದ ಆಕ್ಸೈಡಿನ ಕಂದು ಕಾಳುಗಳನ್ನು, ಅಂದರೆ ಜಿಎಫ್‌ಒ, ಚೀಲದಲ್ಲಿ ಕಟ್ಟಿ ನೀರು ಹರಿಯುವ ಜಾಗದಲ್ಲಿ ಇಡಬಹುದು. ಕಾಳುಗಳನ್ನು ಮೊದಲು ತೊಳೆಯದಿದ್ದರೆ ಡ್ರಮ್ಮೆಲ್ಲ ಕೆಂಪುಮಣ್ಣಿನ ನೀರಾಗುತ್ತದೆ.

1 ಪಿಪಿಎಂ ದಾಟಿದರೆ ಉಪ್ಪಿನ ಖರ್ಚೇ ಕಲ್ಲಿನ ಬೆಲೆ ಮೀರುತ್ತದೆ. ಆಗ ಲ್ಯಾಂಥನಂ ಕ್ಲೋರೈಡ್ ನೆರವಿಗೆ ಬರುತ್ತದೆ. ಈಜುಕೊಳದ ನೀರಿನಿಂದ ಫಾಸ್ಫೇಟ್ ತೆಗೆಯಲು ಇದನ್ನು ಮಾರುತ್ತಾರೆ. ಬಾಟಲಿಯ ಮೇಲಿನ ಅಳತೆಯ ಕಾಲುಭಾಗದಿಂದ ಶುರುಮಾಡಿ, ನೀರಿನಲ್ಲಿ ತೆಳುಮಾಡಿ, ಹನಿಹನಿಯಾಗಿ ಪವರ್‌ಹೆಡ್ಡಿನ ಮುಂದೆ ಬಿಡಿ. ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಆ ಬಿಳುಪೇ ಫಾಸ್ಫೇಟ್ ಹಿಡಿದುಕೊಂಡ ಗಸಿ. ಅದನ್ನು 10 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಜಾಲರಿಯ ಫಿಲ್ಟರ್ ಚೀಲದಲ್ಲಿ ಸೋಸಿ ಹೊರಹಾಕಬೇಕು, ಇಲ್ಲವಾದರೆ ಕಲ್ಲಿನ ಮೇಲೆಯೇ ಕೂರುತ್ತದೆ. ಇದು ಕ್ಷಾರತೆಯನ್ನೂ ಇಳಿಸುತ್ತದೆ. ಮೀನಿರುವ ಟ್ಯಾಂಕಿನಲ್ಲಿ ಅನುಭವವಿಲ್ಲದವರು ಇದನ್ನು ಮುಟ್ಟಬಾರದು, ಆ ಗಸಿ ಕಿವಿರುಗಳಿಗೆ ತೊಂದರೆ ಕೊಡುತ್ತದೆ. ಖಾಲಿ ಡ್ರಮ್ಮಿನಲ್ಲಿ ಆ ಭಯವಿಲ್ಲ; ಈ ಕೆಲಸವನ್ನು ಟ್ಯಾಂಕಿನ ಹೊರಗೆ ಮಾಡುವುದರ ದೊಡ್ಡ ಲಾಭವೇ ಇದು.

ಏನೇ ಮಾಡಿದರೂ ಕೊನೆಯ ಪರೀಕ್ಷೆ ಒಂದೇ. ರಾಸಾಯನಿಕ, ಕಾಳು ಎಲ್ಲ ತೆಗೆದು, ಹೊಸ ನೀರು ತುಂಬಿ, ಏಳು ದಿನ ಬಿಟ್ಟು ಅಳೆಯಿರಿ. 0.1ರೊಳಗೆ ನಿಂತರೆ ಸೈ. ಪೂರ್ತಿ ಸೊನ್ನೆಯ ಬೆನ್ನು ಹತ್ತಬೇಡಿ, ಬ್ಯಾಕ್ಟೀರಿಯಾ ಬೆಳೆಯಲೂ ಒಂದು ಚಿಟಿಕೆ ಫಾಸ್ಫೇಟ್ ಬೇಕು. ಎರಡು ತಿಂಗಳಾದರೂ 1ರ ಕೆಳಗೆ ಇಳಿಯದ ಕಲ್ಲನ್ನು ಬಿಟ್ಟುಬಿಡಿ. ನಾನು ಒಮ್ಮೆ ಹಟ ಹಿಡಿದು ಐದು ತಿಂಗಳು ಹೆಣಗಿದ್ದೇನೆ. ಆ ಉಪ್ಪಿನ ದುಡ್ಡಿನಲ್ಲಿ ಹೊಸ ಕಲ್ಲೇ ಬರುತ್ತಿತ್ತು.

ಹಂತ 6: ಹೆಪ್ಪು ಮತ್ತು ಆಹಾರ

ಸತ್ತ ಕಲ್ಲು ತಾನಾಗಿ ಬದುಕುವುದಿಲ್ಲ. ಹಾಲಿಗೆ ಹೆಪ್ಪು ಹಾಕಿದಂತೆ ಹೊರಗಿನಿಂದ ಬ್ಯಾಕ್ಟೀರಿಯಾ ತರಬೇಕು. ಅಮೋನಿಯಾವನ್ನು ನೈಟ್ರೈಟ್ ಮಾಡುವುದು ಒಂದು ಗುಂಪು, ನೈಟ್ರೈಟನ್ನು ನೈಟ್ರೇಟ್ ಮಾಡುವುದು ಇನ್ನೊಂದು. ಎರಡನೆಯ ಗುಂಪು ನಿಧಾನ.

ಒಳ್ಳೆಯ ಹೆಪ್ಪು ಎಂದರೆ ಆರೋಗ್ಯವಾಗಿ ನಡೆಯುತ್ತಿರುವ ಗೆಳೆಯರ ಟ್ಯಾಂಕಿನ ಸಂಪ್‌ನಲ್ಲಿ (ಟ್ಯಾಂಕಿಗೆ ಜೋಡಿಸಿದ ಫಿಲ್ಟರ್ ತೊಟ್ಟಿ) ಇರುವ ಸೆರಾಮಿಕ್ ತುಂಡು, ಸ್ಪಂಜು ಅಥವಾ ಮುಷ್ಟಿಗಾತ್ರದ ಜೀವಂತ ಕಲ್ಲು. ಒದ್ದೆಯಾಗಿಯೇ ತನ್ನಿ, ಒಂದೆರಡು ಗಂಟೆಯೊಳಗೆ ಡ್ರಮ್ಮಿಗೆ ಹಾಕಿ. ಆ ಟ್ಯಾಂಕಿನಲ್ಲಿ ಐಪ್ಟೇಸಿಯಾ ಇದೆಯೇ ನೋಡಿ. ಉದ್ದ ಗ್ರಹಣಾಂಗದ ಕಂದು ಹೂವಿನಂತಿರುವ ಈ ಕಳೆ ಒಂದು ಬಂದರೆ ನೂರಾಗುತ್ತದೆ. ಬಾಟಲಿಯ ಬ್ಯಾಕ್ಟೀರಿಯಾವೂ ಸರಿಯೇ, ಆದರೆ ಏಪ್ರಿಲ್ ಬಿಸಿಲಿನಲ್ಲಿ ಮೂರು ದಿನ ಕೊರಿಯರ್ ಗಾಡಿಯಲ್ಲಿ ಬೆಂದು ಬಂದ ಬಾಟಲಿಯಲ್ಲಿ ಎಷ್ಟು ಜೀವ ಉಳಿದಿರುತ್ತದೆ ಎಂಬುದನ್ನು ನೀವೇ ಊಹಿಸಿ. ತಣ್ಣಗಿಟ್ಟು ಮಾರುವ ಅಂಗಡಿಯಿಂದ ತನ್ನಿ, ಅವಧಿಯ ದಿನಾಂಕ ನೋಡಿ.

ಇನ್ನು ಅವುಗಳ ಆಹಾರ, ಅಮೋನಿಯಾ. ಹಸಿ ಸೀಗಡಿಯೊಂದನ್ನು ಹಾಕಿ ಕೊಳೆಯಲು ಬಿಡುವುದು ಹಳೆಯ ಪದ್ಧತಿ. ಅಷ್ಟು ಕಷ್ಟಪಟ್ಟು ಇಳಿಸಿದ ಫಾಸ್ಫೇಟನ್ನು ಸೀಗಡಿಯ ರೂಪದಲ್ಲಿ ಮತ್ತೆ ತಂದು ಹಾಕುವುದೇಕೆ? ಪ್ರಯೋಗಾಲಯ ದರ್ಜೆಯ ಅಮೋನಿಯಂ ಕ್ಲೋರೈಡ್ ಬಳಸಿ. ತಾಮ್ರದ ಪಾತ್ರೆಗೆ ಕಲಾಯಿ ಹಾಕುವವರ ನವಸಾಗರವೂ ಇದೇ ವಸ್ತು, ಆದರೆ ಅದರ ಶುದ್ಧತೆಗೆ ಯಾರೂ ಜವಾಬ್ದಾರರಲ್ಲ.

10 ಗ್ರಾಂ ಅಮೋನಿಯಂ ಕ್ಲೋರೈಡನ್ನು 1 ಲೀಟರ್ ಆರ್‌ಒ-ಡಿಐ ನೀರಿನಲ್ಲಿ ಕರಗಿಸಿ ಬಾಟಲಿಗೆ ತುಂಬಿ, ವಿಷ ಎಂದು ಚೀಟಿ ಅಂಟಿಸಿ. 60 ಲೀಟರ್ ನೀರಿಗೆ ಇದರ 38 ಮಿಲಿ ಹಾಕಿದರೆ ಅಮೋನಿಯಾ ಸುಮಾರು 2 ಪಿಪಿಎಂ ಆಗುತ್ತದೆ. ಹಾಕುವ ಮುನ್ನ ನೀರಿನ ಅಮೋನಿಯಾ ನೋಡಿ. ಉಳಿದ ಕೊಳೆಯಿಂದ ಕಲ್ಲೇ 1 ಪಿಪಿಎಂಗಿಂತ ಹೆಚ್ಚು ಬಿಡುತ್ತಿದ್ದರೆ ಹೊರಗಿನದು ಬೇಡ. ಹೆಚ್ಚು ಹಾಕಿದರೆ ಬೇಗ ಆಗುತ್ತದೆ ಎಂಬ ಆಸೆಯೂ ಬೇಡ. 5 ಪಿಪಿಎಂ ದಾಟಿದರೆ ಬ್ಯಾಕ್ಟೀರಿಯಾದ ಕೆಲಸವೇ ಕುಂಟುತ್ತದೆ.

ತಾಪಮಾನ 26ರಿಂದ 28 ಡಿಗ್ರಿ, ಕತ್ತಲೆ, ಜೋರಾದ ಹರಿವು. ಬೆಳಕು ಕೊಟ್ಟರೆ ಬ್ಯಾಕ್ಟೀರಿಯಾಗಿಂತ ಮೊದಲು ಪಾಚಿ ಜಾಗ ಹಿಡಿಯುತ್ತದೆ. ನೀರಿನ ಮಟ್ಟಕ್ಕೆ ಡ್ರಮ್ಮಿನ ಮೇಲೆ ಗೆರೆ ಎಳೆದಿಟ್ಟು, ಇಳಿದಷ್ಟನ್ನು ಬರೀ ಆರ್‌ಒ-ಡಿಐ ನೀರಿನಿಂದ ತುಂಬಿ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿದಿರುತ್ತದೆ. ವಿದ್ಯುತ್ ಹೋದರೆ ಬ್ಯಾಟರಿಯ ಗಾಳಿಪಂಪು ಹಚ್ಚಿ. ಆಮ್ಲಜನಕವಿಲ್ಲದೆ ಈ ಬ್ಯಾಕ್ಟೀರಿಯಾಗಳು ಬಹಳ ಹೊತ್ತು ತಾಳುವುದಿಲ್ಲ.

ಹಂತ 7: ಅಂಕಿಗಳನ್ನು ಓದುವುದು

ಒಂದು ನೋಟ್‌ಬುಕ್ ಇಡಿ. ಎರಡು ದಿನಕ್ಕೊಮ್ಮೆ ಅಮೋನಿಯಾ ಮತ್ತು ನೈಟ್ರೈಟ್, ವಾರಕ್ಕೊಮ್ಮೆ ಕ್ಷಾರತೆ, ಪಿಎಚ್, ಉಪ್ಪಿನಂಶ. ಮೊದಲ ಒಂದರಿಂದ ಮೂರು ವಾರ ಅಮೋನಿಯಾ ಅಲುಗದೆ ನಿಂತು, ಆಮೇಲೆ ಇಳಿಯತೊಡಗುತ್ತದೆ. ಅದು ಇಳಿದಂತೆ ನೈಟ್ರೈಟ್ ಏರುತ್ತದೆ. ನೈಟ್ರೈಟ್ ಮೇಲೇರಿ ವಾರಗಟ್ಟಲೆ ಅಲ್ಲೇ ಕುಳಿತಾಗ ಹೆಚ್ಚಿನವರ ತಾಳ್ಮೆ ಕೆಡುತ್ತದೆ; ಮತ್ತೊಂದು ಬಾಟಲಿ, ಇನ್ನೊಂದು ಔಷಧ ಎಂದು ಸುರಿಯುತ್ತಾರೆ. ಏನೂ ಹಾಕಬೇಡಿ. ಅಮೋನಿಯಾ ಸೊನ್ನೆಯಾದಾಗ ಮಾತ್ರ ಮತ್ತೆ 1 ಪಿಪಿಎಂನಷ್ಟು ಕೊಟ್ಟು ಸುಮ್ಮನಿರಿ.

ಇನ್ನೊಂದು ಮೋಸವಿದೆ. ನೈಟ್ರೈಟ್ ಇರುವ ನೀರಿನಲ್ಲಿ ಹೆಚ್ಚಿನ ನೈಟ್ರೇಟ್ ಕಿಟ್‌ಗಳು ಸುಳ್ಳು ಹೇಳುತ್ತವೆ, ನೈಟ್ರೈಟನ್ನೇ ನೈಟ್ರೇಟ್ ಎಂದು ತೋರಿಸುತ್ತವೆ. ನೈಟ್ರೈಟ್ ಸೊನ್ನೆಯಾಗುವವರೆಗೆ ನೈಟ್ರೇಟ್ ಅಳೆಯುವುದೇ ದಂಡ.

ಕೆಲಸ ಅರ್ಧದಲ್ಲಿ ನಿಂತರೆ ಮೊದಲು ಕ್ಷಾರತೆ ನೋಡಿ. ಪ್ರತಿ 2 ಪಿಪಿಎಂ ಅಮೋನಿಯಾ ನೈಟ್ರೇಟ್ ಆಗುವಾಗ ಸುಮಾರು 0.7 ಡಿಕೆಎಚ್ (ಕ್ಷಾರತೆಯ ಮಾನ) ಕ್ಷಾರತೆ ಖರ್ಚಾಗುತ್ತದೆ. ಅದು 6ಕ್ಕಿಂತ ಕೆಳಗಿಳಿದು ಪಿಎಚ್ ಕುಸಿದರೆ ಬ್ಯಾಕ್ಟೀರಿಯಾ ಮಂಕಾಗುತ್ತವೆ. ಪರಿಹಾರ ಅಡುಗೆಮನೆಯಲ್ಲೇ ಇದೆ: 60 ಲೀಟರಿಗೆ 1.8 ಗ್ರಾಂ ಅಡುಗೆ ಸೋಡ ಹಾಕಿದರೆ 1 ಡಿಕೆಎಚ್ ಏರುತ್ತದೆ. ಸೋಡವೇ ಆಗಬೇಕು, ಬೇಕಿಂಗ್ ಪೌಡರ್ ಬೇರೆ, ಬಟ್ಟೆ ತೊಳೆಯುವ ಸೋಡ ಬೇರೆ.

ಮೂಗು, ಕಣ್ಣು ಕೂಡ ಕಿಟ್‌ಗಳೇ. ಆರೋಗ್ಯವಾದ ಡ್ರಮ್ಮಿನ ಮುಚ್ಚಳ ತೆರೆದರೆ ಕಡಲದಡದ ಒದ್ದೆ ಮರಳಿನ ವಾಸನೆ ಬರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಯಾವುದೋ ಕಲ್ಲಿನೊಳಗೆ ಗಾಳಿ ಸೋಕದೆ ಏನೋ ಕೊಳೆಯುತ್ತಿದೆ. ಒಂದೊಂದೇ ಕಲ್ಲು ಮೂಸಿ ಅದನ್ನು ಹುಡುಕಿ ಹೊರತೆಗೆಯಿರಿ. ಅದೊಂದು ಮಾತ್ರ ಮತ್ತೆ ಬ್ಲೀಚ್‌ಗೆ. ನೀರು ಇದ್ದಕ್ಕಿದ್ದಂತೆ ಮಬ್ಬಾದರೆ ಬ್ಯಾಕ್ಟೀರಿಯಾ ಒಮ್ಮೆಲೇ ಹೆಚ್ಚಿವೆ ಎಂದರ್ಥ. ಗಾಳಿ ಹೆಚ್ಚಿಸಿ, ಮೂರ್ನಾಲ್ಕು ದಿನದಲ್ಲಿ ತಿಳಿಯಾಗುತ್ತದೆ. ಅಮೋನಿಯಾ ಹಾಕದಿದ್ದರೂ ಪ್ರತಿ ವಾರ ಏರುತ್ತಲೇ ಇದ್ದರೆ ಬ್ಲೀಚ್ ಹಂತ ಅರ್ಧಕ್ಕೇ ಮುಗಿಸಿದ್ದೀರಿ.

ಕಲ್ಲು ಸಿದ್ಧವೆಂದು ಹೇಳುವುದು ಕ್ಯಾಲೆಂಡರ್ ಅಲ್ಲ. 2 ಪಿಪಿಎಂ ಅಮೋನಿಯಾ ಹಾಕಿ. 24 ಗಂಟೆಯ ನಂತರ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬರಬೇಕು. ಮೂರು ದಿನ ಬಿಟ್ಟು ಮತ್ತೊಮ್ಮೆ ಮಾಡಿ, ಎರಡನೆಯ ಸಲವೂ ಹಾಗೆಯೇ ಬಂದರೆ ಆಯಿತು. ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರ, ಹೆಪ್ಪು ದುರ್ಬಲವಿದ್ದರೆ ಇನ್ನೂ ಹೆಚ್ಚು.

ಹಂತ 8: ಟ್ಯಾಂಕಿಗೆ ಸಾಗಿಸುವುದು

1 ಪಿಪಿಎಂ ಅಮೋನಿಯಾ ಕೊನೆಗೆ ಸುಮಾರು 3.6 ಪಿಪಿಎಂ ನೈಟ್ರೇಟ್ ಆಗಿ ಉಳಿಯುವುದರಿಂದ ಇಷ್ಟು ಹೊತ್ತಿಗೆ ಡ್ರಮ್ಮಿನ ನೀರು ನೈಟ್ರೇಟಿನಿಂದ ತುಂಬಿರುತ್ತದೆ. ಆ ನೀರನ್ನು ಟ್ಯಾಂಕಿಗೆ ಸುರಿಯಬೇಡಿ. ಟ್ಯಾಂಕಿನಲ್ಲಿ ಹೊಸ ಉಪ್ಪುನೀರು ಸಿದ್ಧಮಾಡಿ, ತಾಪಮಾನ ಮತ್ತು ಉಪ್ಪಿನಂಶ ಡ್ರಮ್ಮಿಗೆ ಸಮನಾದ ಮೇಲೆ ಕಲ್ಲುಗಳನ್ನು ಒದ್ದೆಯಾಗಿರುವಾಗಲೇ ಸಾಗಿಸಿ. ಹೋಗುವ ದಾರಿಯಲ್ಲಿ ಪ್ರತಿ ಕಲ್ಲನ್ನೂ ಒಂದು ಬಕೆಟ್ ಉಪ್ಪುನೀರಿನಲ್ಲಿ ಅಲ್ಲಾಡಿಸಿದರೆ ರಂಧ್ರಗಳ ಬೂದುಗಸಿ ಉದುರುತ್ತದೆ. ನಲ್ಲಿಯ ಕೆಳಗೆ ಹಿಡಿದರೆ ಎರಡು ತಿಂಗಳ ಕೆಲಸ ಕ್ಲೋರಿನ್ ಪಾಲು.

ಜೋಡಿಸುವಾಗ ದೊಡ್ಡ ಕಲ್ಲು ಗಾಜಿನ ತಳದ ಮೇಲೆ ಭದ್ರವಾಗಿ ಕೂರಲಿ, ಮರಳು ಆಮೇಲೆ. ಮರಳಿನ ಮೇಲೆ ಕಲ್ಲಿಟ್ಟರೆ, ಅಗೆಯುವ ಮೀನೊಂದು ಬಂದ ದಿನ ಗೋಪುರ ಕುಸಿಯುತ್ತದೆ.

ಮೊದಲ ಎರಡು ವಾರ ದೀಪ ದಿನಕ್ಕೆ ನಾಲ್ಕೈದು ಗಂಟೆ ಸಾಕು. ಕಂದು ಧೂಳಿನಂಥ ಡಯಾಟಮ್ ಪದರ ಬಂದೇ ಬರುತ್ತದೆ, ಕೆಲವು ವಾರಗಳಲ್ಲಿ ತಾನಾಗಿ ಹೋಗುತ್ತದೆ; ಅದನ್ನು ನೋಡಿ ಕಲ್ಲನ್ನೆಲ್ಲ ಮತ್ತೆ ಹೊರತೆಗೆದವರೂ ಇದ್ದಾರೆ. ಕಲ್ಲು ಬೆಳ್ಳಗೇ ಇದೆ, ನೇರಳೆ ಬಣ್ಣ ಬರಲಿಲ್ಲ ಎಂದೂ ಕೊರಗಬೇಡಿ. ಆ ಬಣ್ಣ ಕೋರಲೈನ್ ಪಾಚಿಯದು. ಬೇರೆ ಟ್ಯಾಂಕಿನ ಗಾಜಿನಿಂದ ಕೆರೆದ ಒಂದು ಚಿಟಿಕೆ ಪುಡಿ ತಂದು ಹಾಕಿ, ಕ್ಯಾಲ್ಸಿಯಂ 420 ಪಿಪಿಎಂ, ಕ್ಷಾರತೆ 8ರಿಂದ 9 ಡಿಕೆಎಚ್, ಮೆಗ್ನೀಷಿಯಂ 1300 ಪಿಪಿಎಂ ಆಸುಪಾಸಿನಲ್ಲಿ ಅಲುಗದಂತೆ ನೋಡಿಕೊಂಡರೆ ತಿಂಗಳುಗಳಲ್ಲಿ ಚುಕ್ಕೆಚುಕ್ಕೆಯಾಗಿ ಕಾಣಿಸುತ್ತದೆ.

ಟ್ಯಾಂಕಿಗೆ ಬಂದ ಏಳನೆಯ ದಿನ ಫಾಸ್ಫೇಟ್ ಇನ್ನೊಮ್ಮೆ ಅಳೆಯಿರಿ. 0.1ರೊಳಗಿದ್ದರೆ ಮೊದಲು ಪಾಚಿ ಮೇಯುವ ಬಸವನಹುಳು ನಾಲ್ಕೈದು, ಅವು ಎರಡು ವಾರ ಚುರುಕಾಗಿ ಓಡಾಡಿದರೆ ಒಂದೇ ಒಂದು ಚಿಕ್ಕ ಮೀನು. ಬಸವನಹುಳುಗಳು ಗಾಜು ಹತ್ತದೆ ತಳದಲ್ಲಿ ಮಗುಚಿ ಬಿದ್ದಿದ್ದರೆ ಮೀನು ತರುವುದನ್ನು ನಿಲ್ಲಿಸಿ, ಉಪ್ಪಿನಂಶ ಮತ್ತು ಅಮೋನಿಯಾ ಸರಿಯಿವೆಯೇ ನೋಡಿ, ಆಮೇಲೆ ತಾಮ್ರದ ಕಿಟ್ ತೆಗೆಯಿರಿ.